ವೈದ್ಯಕೀಯ ವಿದ್ಯಾರ್ಥಿಗೆ ಸಂಶೋಧನೆ: ವಾರ್ಡಿನ ಪ್ರಶ್ನೆಯಿಂದ ಮೊದಲ ಪೇಪರ್‌ವರೆಗೆ

‘ಸರ್, ಒಂದು ಪೇಪರ್ ಮಾಡ್ಬೇಕು, ಏನಾದ್ರೂ ಟಾಪಿಕ್ ಕೊಡಿ.’ ಸಂಶೋಧನೆಗೆ ಇಳಿಯುವ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಶುರು ಮಾಡುವುದೇ ಹೀಗೆ. ಟಾಪಿಕ್ ಸಿಗುತ್ತದೆ. ಗೂಗಲ್ ಫಾರ್ಮ್ ಸಿದ್ಧವಾಗುತ್ತದೆ. ಅದು ವಾಟ್ಸಾಪ್ ಗ್ರೂಪ್‌ಗಳಿಗೆ ಹೋಗುತ್ತದೆ, ಒಂದಷ್ಟು ಉತ್ತರ ಬರುತ್ತವೆ. ಆಮೇಲೆ ‘ಇದನ್ನಿಟ್ಟುಕೊಂಡು ಏನು ಹೇಳೋದು?’ ಅಂತ ತಲೆ ಕೆರೆದುಕೊಳ್ಳುವುದು.

ಇಲ್ಲಿ ಕ್ರಮವೇ ತಲೆಕೆಳಗು. ಪೇಪರ್ ಬರೆಯುವುದು ಕೊನೆಯ ಕೆಲಸ. ಅದಕ್ಕೂ ಮೊದಲು ಬೇರೆಯವರು ಬರೆದದ್ದನ್ನು ಓದಲು ಬರಬೇಕು, ಅದರ ಲೆಕ್ಕವನ್ನು ನಾವೇ ಕೂತು ಹಾಕಲು ಬರಬೇಕು, ಎಷ್ಟು ನಂಬಬಹುದು ಅಂತ ತೂಗಲು ಬರಬೇಕು. ಹಾಗಾಗಿ ಇಲ್ಲಿ ಓದುವ ವಿಷಯವೇ ಜಾಸ್ತಿ, ಬರೆಯುವ ವಿಷಯ ಕಡಿಮೆ. ಅವಸರ ಇರುವವರಿಗೆ ಇದು ಬೇಜಾರಾಗಬಹುದು.

ಇನ್ನೊಂದು ಮಾತು. ‘ಪುರಾವೆ ಆಧಾರಿತ ವೈದ್ಯಕೀಯ’ ಅಂದ ಕೂಡಲೇ ಗೈಡ್‌ಲೈನ್ ನೋಡಿ ಔಷಧಿ ಬರೆಯುವುದು ಅಂತ ಹಲವರು ಅಂದುಕೊಂಡಿದ್ದಾರೆ. ಹಾಗಲ್ಲ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಗಾರ್ಡನ್ ಗಯಾಟ್ ಮತ್ತು ಸಂಗಡಿಗರು 1990ರ ದಶಕದ ಆರಂಭದಲ್ಲಿ ಈ ಹೆಸರನ್ನು ಬಳಕೆಗೆ ತಂದರು. ಡೇವಿಡ್ ಸ್ಯಾಕೆಟ್ 1996ರಲ್ಲಿ ಅದನ್ನು ಬಿಡಿಸಿ ಹೇಳಿದರು. ಒಳ್ಳೆಯ ಸಂಶೋಧನೆ, ವೈದ್ಯರ ಅನುಭವ, ರೋಗಿಗೆ ಏನು ಬೇಕು ಅನ್ನುವುದು, ಈ ಮೂರೂ ಸೇರಬೇಕು. ಒಂದನ್ನು ಬಿಟ್ಟರೂ ಉಳಿದ ಎರಡು ದಾರಿ ತಪ್ಪಿಸುತ್ತವೆ.

ಮೊದಲು ಒಂದು ಪ್ರಶ್ನೆ ಹಿಡಿಯಿರಿ

ಪ್ರಶ್ನೆಗಾಗಿ ಎಲ್ಲೂ ಹುಡುಕಬೇಕಿಲ್ಲ. ರೌಂಡ್ಸ್‌ನಲ್ಲಿ ‘ಇದನ್ನ ಯಾಕೆ ಹೀಗೇ ಮಾಡ್ತಾರೆ?’ ಅಂತ ಅನ್ನಿಸಿದ್ದನ್ನು ಚಿಕ್ಕ ನೋಟ್‌ಬುಕ್ಕಿನಲ್ಲಿ ಬರೆದಿಡಿ. ವಾರಕ್ಕೆ ಮೂರ್ನಾಲ್ಕು ಸಿಕ್ಕೇ ಸಿಗುತ್ತವೆ.

ಈ ಪ್ರಶ್ನೆಗಳಲ್ಲಿ ಎರಡು ಜಾತಿ. ‘ಝಿಂಕ್ ಕರುಳಿನಲ್ಲಿ ಹೇಗೆ ಕೆಲಸ ಮಾಡುತ್ತದೆ?’ ಅನ್ನುವುದಕ್ಕೆ ಪಠ್ಯಪುಸ್ತಕ ಸಾಕು. ‘ಭೇದಿಯಾಗಿರುವ ಈ ಮಗುವಿಗೆ ಓಆರ್‌ಎಸ್ ಜೊತೆ ಝಿಂಕ್ ಕೊಟ್ಟರೆ ಭೇದಿ ಬೇಗ ನಿಲ್ಲುತ್ತದಾ?’ ಅನ್ನುವುದಕ್ಕೆ ಪುಸ್ತಕ ಸಾಲದು, ಸಂಶೋಧನೆಯನ್ನೇ ನೋಡಬೇಕು. ನಮಗೆ ಬೇಕಾಗಿರುವುದು ಎರಡನೆಯ ಜಾತಿ.

ಅದನ್ನು ನಾಲ್ಕು ತುಂಡು ಮಾಡಿ ಬರೆಯುವ ಪದ್ಧತಿಗೆ ‘ಪಿಕೋ’ ಅಂತಾರೆ. ಯಾರಲ್ಲಿ, ಏನು ಕೊಟ್ಟು, ಯಾವುದರ ಜೊತೆ ಹೋಲಿಸಿ, ಏನನ್ನು ಅಳೆಯುವುದು. ನಮ್ಮ ಪ್ರಶ್ನೆಯನ್ನೇ ಬಿಡಿಸಿದರೆ ಹೀಗಾಗುತ್ತದೆ:

ಯಾರಲ್ಲಿ: ಈಗಷ್ಟೇ ಭೇದಿ ಶುರುವಾಗಿರುವ, 6 ತಿಂಗಳಿಂದ 5 ವರ್ಷದೊಳಗಿನ ಮಕ್ಕಳು.
ಏನು: ಓಆರ್‌ಎಸ್ ಜೊತೆ ಝಿಂಕ್.
ಹೋಲಿಕೆ: ಓಆರ್‌ಎಸ್ ಜೊತೆ ಪ್ಲಸೀಬೊ (ಔಷಧಿಯಂತೆಯೇ ಕಾಣುವ, ಆದರೆ ಔಷಧಿ ಇಲ್ಲದ್ದು).
ಅಳತೆ: ಭೇದಿ ಎಷ್ಟು ದಿನ ಇತ್ತು. ಜೊತೆಗೆ, ವಾಂತಿ ಹೆಚ್ಚಾಯಿತಾ?

ಆ ‘6 ತಿಂಗಳಿಂದ’ ಅನ್ನುವುದು ಸುಮ್ನೆ ಬರೆದದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2004ರಲ್ಲಿ ಭೇದಿಗೆ 10ರಿಂದ 14 ದಿನ ಝಿಂಕ್ ಕೊಡಿ ಅಂತ ಶಿಫಾರಸು ಮಾಡಿದವು. ಆಮೇಲೆ ಎಲ್ಲ ಪ್ರಯೋಗಗಳನ್ನೂ ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ವಿಮರ್ಶೆಯಲ್ಲಿ, 6 ತಿಂಗಳು ದಾಟಿದ ಮಕ್ಕಳಲ್ಲಿ ಲಾಭ ಕಂಡಿತು. ಅದಕ್ಕಿಂತ ಚಿಕ್ಕ ಕೂಸುಗಳಲ್ಲಿ ಕಾಣಲಿಲ್ಲ. ಝಿಂಕ್ ಪಡೆದ ಮಕ್ಕಳಲ್ಲಿ ವಾಂತಿ ಮಾತ್ರ ಹೆಚ್ಚಿತ್ತು. ‘ಮಕ್ಕಳು’ ಅಂತ ಒಂದೇ ಪದ ಬರೆದು ಹುಡುಕಿದ್ದರೆ ಇದು ಕಣ್ತಪ್ಪಿ ಹೋಗುತ್ತಿತ್ತು.

ಹುಡುಕುವುದು

ಗೂಗಲ್‌ನಲ್ಲಿ ಹುಡುಕಬೇಡಿ ಅಂತ ನಾನು ಹೇಳುವುದಿಲ್ಲ. ವಿಷಯದ ಅಂದಾಜು ಸಿಗಲು ಅದು ಸಾಕು. ಆದರೆ ನಿಜವಾದ ಹುಡುಕಾಟ ಪಬ್‌ಮೆಡ್‌ನಲ್ಲಿ. 1996ರಿಂದ ಎಲ್ಲರಿಗೂ ಉಚಿತವಾಗಿ ಸಿಗುತ್ತಿದೆ, ಮೂರೂವರೆ ಕೋಟಿಗೂ ಹೆಚ್ಚು ಲೇಖನಗಳ ವಿವರ ಅದರಲ್ಲಿದೆ. ಅಷ್ಟರಲ್ಲಿ ಬೇಕಾದ ಹತ್ತನ್ನು ಹೆಕ್ಕುವುದು ಹೇಗೆ ಅನ್ನುವುದೇ ಪ್ರಶ್ನೆ.

ಮೊದಲು ನೇರವಾಗಿ ಮೂಲ ಪ್ರಯೋಗಗಳಿಗೆ ಕೈ ಹಾಕಬೇಡಿ. ನಿಮ್ಮ ಪ್ರಶ್ನೆಯನ್ನು ಬೇರೆ ಯಾರೋ ಆಗಲೇ ಕೇಳಿ, ಸಿಕ್ಕ ಎಲ್ಲ ಪ್ರಯೋಗಗಳನ್ನೂ ಕಲೆಹಾಕಿ, ಸೋಸಿ ಇಟ್ಟಿರಬಹುದು. ಕಾಕ್ರೇನ್ ಲೈಬ್ರರಿಯಲ್ಲಿ ಸಿಸ್ಟಮ್ಯಾಟಿಕ್ ರಿವ್ಯೂ ಇದೆಯಾ ನೋಡಿ. ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಅದರಲ್ಲಿ ಯಾವ ವರ್ಷದವರೆಗೆ ಹುಡುಕಿದ್ದಾರೆ ಅಂತ ನೋಡಿಕೊಂಡು, ಅದರ ನಂತರ ಬಂದ ಪ್ರಯೋಗಗಳನ್ನಷ್ಟೇ ನೀವು ಹುಡುಕಿದರಾಯಿತು.

ಪಬ್‌ಮೆಡ್‌ಗೆ ಬಂದಾಗ ಪಿಕೋದ ನಾಲ್ಕೂ ತುಂಡುಗಳನ್ನು ಒಟ್ಟಿಗೆ ತುರುಕಬೇಡಿ. ಮೊದಲ ಎರಡು ಸಾಕು: ಭೇದಿ ಮತ್ತು ಝಿಂಕ್. ಒಂದೇ ಅರ್ಥದ ಪದಗಳ ನಡುವೆ ‘ಆರ್’ (OR) ಹಾಕಿ, ಬೇರೆ ಬೇರೆ ತುಂಡುಗಳ ನಡುವೆ ‘ಆಂಡ್’ (AND) ಹಾಕಿ. ಎರಡನ್ನೂ ದೊಡ್ಡಕ್ಷರದಲ್ಲೇ ಬರೆಯುವ ಅಭ್ಯಾಸ ಮಾಡಿಕೊಳ್ಳಿ. ‘ಆರ್’ ಹಾಕಿದ ಗುಂಪನ್ನು ಆವರಣದೊಳಗೆ ಇಡುವುದನ್ನು ಮರೆತರೆ ಲೆಕ್ಕ ತಪ್ಪುತ್ತದೆ.

ಇಂಗ್ಲಿಷ್‌ನಲ್ಲಿ ಡಯೇರಿಯಾ ಪದಕ್ಕೆ ಎರಡು ಸ್ಪೆಲಿಂಗ್. ಬ್ರಿಟಿಷರದ್ದರಲ್ಲಿ ಒಂದು ‘ಓ’ ಜಾಸ್ತಿ, ಅಮೆರಿಕನ್ನರದ್ದರಲ್ಲಿ ಅದಿಲ್ಲ. ಪದವನ್ನು ಸಾದಾ ಟೈಪ್ ಮಾಡಿದರೆ ಪಬ್‌ಮೆಡ್ ತಾನೇ ಎರಡನ್ನೂ ಹಿಡಿಯುತ್ತದೆ, ಜೊತೆಗೆ ‘ಮೆಶ್’ ಅನ್ನುವ ತನ್ನ ವಿಷಯಪಟ್ಟಿಯ ಪದವನ್ನೂ ಸೇರಿಸಿಕೊಳ್ಳುತ್ತದೆ. ಆದರೆ ಪದವನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟರೆ ಈ ಸಹಾಯ ನಿಂತುಹೋಗುತ್ತದೆ. ಆಗ ಎರಡು ಸ್ಪೆಲಿಂಗನ್ನೂ ನೀವೇ ಬರೆಯಬೇಕು. ಅಡ್ವಾನ್ಸ್ಡ್ ಸರ್ಚ್ ಪುಟದಲ್ಲಿ ‘ಡೀಟೇಲ್ಸ್’ ಬಿಚ್ಚಿ ನೋಡಿ, ನಿಮ್ಮ ಮಾತನ್ನು ಪಬ್‌ಮೆಡ್ ಏನಂತ ಅರ್ಥ ಮಾಡಿಕೊಂಡಿದೆ ಅಂತ ಅಲ್ಲಿ ಕಾಣುತ್ತದೆ. ಹುಡುಕಾಟ ಕಲಿಯಲು ಇದಕ್ಕಿಂತ ಒಳ್ಳೆಯ ಮೇಷ್ಟ್ರು ಬೇರೆ ಬೇಡ.

ಸಾವಿರಾರು ಬಂದರೆ ಎಡಗಡೆಯ ಫಿಲ್ಟರ್‌ಗಳಲ್ಲಿ ರ‍್ಯಾಂಡಮೈಸ್ಡ್ ಟ್ರಯಲ್ (ಯಾರಿಗೆ ಯಾವ ಚಿಕಿತ್ಸೆ ಅಂತ ಚೀಟಿ ಎತ್ತಿದಂತೆ ಹಂಚಿದ ಪ್ರಯೋಗ) ಆರಿಸಿ. ಐದೇ ಬಂದರೆ ಒಂದು ತುಂಡು ತೆಗೆದುಹಾಕಿ. ಹುಡುಕಿದ ಸಾಲನ್ನೂ ದಿನಾಂಕವನ್ನೂ ಒಂದು ಫೈಲಿನಲ್ಲಿ ಅಂಟಿಸಿಡಿ. ಸಿಕ್ಕ ಪೇಪರ್‌ಗಳನ್ನು ಮೊದಲ ದಿನದಿಂದಲೇ ಝೊಟೆರೊದಂಥ ಉಚಿತ ಸಾಫ್ಟ್‌ವೇರಿಗೆ ಹಾಕಿ. ಡೌನ್‌ಲೋಡ್ ಫೋಲ್ಡರಿನಲ್ಲಿ ‘ಫೈನಲ್’, ‘ಫೈನಲ್ 2’ ಅಂತ ಪಿಡಿಎಫ್ ಗುಡ್ಡೆ ಹಾಕಿಕೊಂಡವರ ಪಾಡು ಥೀಸಿಸ್ ಬರೆಯುವಾಗ ನೋಡಬೇಕು.

ಪೇಪರನ್ನು ಎಲ್ಲಿಂದ ಓದಬೇಕು

ಅಬ್‌ಸ್ಟ್ರಾಕ್ಟ್ ಓದಿ, ಕೊನೆಯ ಕನ್‌ಕ್ಲೂಷನ್ ಓದಿ, ‘ಓದಿದೆ’ ಅನ್ನುವುದು ಎಲ್ಲರ ಅಭ್ಯಾಸ. ಆದರೆ ಲೇಖಕರ ಆಸೆಗಳು ಹೆಚ್ಚಾಗಿ ಕೂತಿರುವುದೇ ಆ ಎರಡು ಜಾಗಗಳಲ್ಲಿ. ಮೆಥಡ್ಸ್ ಭಾಗದಿಂದ ಶುರು ಮಾಡಿ. ಅದು ಒಣ ಒಣ ಅನ್ನಿಸುತ್ತದೆ ನಿಜ, ಆದರೆ ಪೇಪರಿನ ಪ್ರಾಮಾಣಿಕತೆ ಗೊತ್ತಾಗುವುದು ಅಲ್ಲೇ.

ಚಿಕಿತ್ಸೆಯ ಪ್ರಯೋಗವಾದರೆ ನಾನು ಮೊದಲು ನೋಡುವುದು, ಯಾರಿಗೆ ಯಾವ ಔಷಧಿ ಅಂತ ಹೇಗೆ ಹಂಚಿದರು ಅನ್ನುವುದನ್ನು. ‘ರ‍್ಯಾಂಡಮ್ ಆಗಿ’ ಅಂತ ಬರೆದರೆ ಸಾಲದು. ಮುಂದಿನ ರೋಗಿ ಯಾವ ಗುಂಪಿಗೆ ಹೋಗುತ್ತಾರೆ ಅಂತ ಸೇರಿಸಿಕೊಳ್ಳುವ ವೈದ್ಯರಿಗೆ ಮೊದಲೇ ಗೊತ್ತಿರಬಾರದು. ಗೊತ್ತಿದ್ದರೆ, ಬೇಕೂಂತ ಅಲ್ಲದಿದ್ದರೂ, ಗಟ್ಟಿಮುಟ್ಟಾದವರು ಹೊಸ ಔಷಧಿಯ ಕಡೆಗೆ ಜಾರಿಬಿಡುತ್ತಾರೆ. 1948ರಲ್ಲಿ ಪ್ರಕಟವಾದ ಬ್ರಿಟನ್ನಿನ ಸ್ಟ್ರೆಪ್ಟೊಮೈಸಿನ್ ಪ್ರಯೋಗದಲ್ಲಿ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಮುಚ್ಚಿದ ಲಕೋಟೆಗಳನ್ನು ಬಳಸಿದ್ದು ಇದೇ ಕಾರಣಕ್ಕೆ. ಆ ಕ್ಷಯರೋಗದ ಪ್ರಯೋಗದಲ್ಲಿ 6 ತಿಂಗಳಾಗುವ ಹೊತ್ತಿಗೆ ಔಷಧಿ ಪಡೆದ 55 ಜನರಲ್ಲಿ 4 ಮಂದಿ, ಬರೀ ವಿಶ್ರಾಂತಿಯಲ್ಲಿದ್ದ 52 ಜನರಲ್ಲಿ 14 ಮಂದಿ ತೀರಿಕೊಂಡಿದ್ದರು. ಒಟ್ಟು 107 ಜನ ಅಷ್ಟೇ. ಹಂಚಿಕೆ ಸರಿಯಾಗಿದ್ದುದರಿಂದ ಆ ಚಿಕ್ಕ ಸಂಖ್ಯೆಗೂ ಬೆಲೆ ಬಂತು.

ಆಮೇಲೆ ಎಷ್ಟು ಜನ ಮಧ್ಯದಲ್ಲೇ ಬಿಟ್ಟುಹೋದರು, ಅವರನ್ನು ಲೆಕ್ಕದಲ್ಲಿ ಇಟ್ಟುಕೊಂಡರಾ ನೋಡಿ. ಅಡ್ಡಪರಿಣಾಮ ತಾಳಲಾರದೆ ಔಷಧಿ ಬಿಟ್ಟವರನ್ನೆಲ್ಲ ಹೊರಗಿಟ್ಟರೆ ಯಾವ ಔಷಧಿಯೂ ಒಳ್ಳೆಯದಾಗಿಯೇ ಕಾಣುತ್ತದೆ. ಮೊದಲು ಹಂಚಿದ ಗುಂಪಿನಲ್ಲೇ ಎಲ್ಲರನ್ನೂ ಎಣಿಸಿದ್ದಾರಾ ಅನ್ನುವುದು ಮುಖ್ಯ. ರೋಗಿಗೂ ಪರೀಕ್ಷಿಸಿದವರಿಗೂ ಯಾರ ಔಷಧಿ ಯಾವುದು ಅಂತ ಗೊತ್ತಿತ್ತಾ? ಸಾವನ್ನು ಅಳೆಯುವುದಾದರೆ ಇದು ದೊಡ್ಡ ತೊಂದರೆಯಲ್ಲ, ನೋವನ್ನು ಅಳೆಯುವುದಾದರೆ ದೊಡ್ಡ ತೊಂದರೆ.

ಕೊನೆಗೆ, ಪ್ರಯೋಗ ಶುರುವಾಗುವ ಮೊದಲು ನೋಂದಾಯಿಸಿದ ದಾಖಲೆ ಮತ್ತು ಪೇಪರ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ನೋಂದಣಿ ಸಂಖ್ಯೆ ಸಾಮಾನ್ಯವಾಗಿ ಅಬ್‌ಸ್ಟ್ರಾಕ್ಟಿನ ಕೊನೆಯಲ್ಲೇ ಇರುತ್ತದೆ. ಅಳೆಯುತ್ತೇವೆ ಅಂದದ್ದು ಒಂದು, ಪೇಪರಿನಲ್ಲಿ ಎತ್ತಿ ಹೇಳಿರುವುದು ಇನ್ನೊಂದು ಆಗಿದ್ದರೆ ಹುಷಾರಾಗಿ. ಒಂದಕ್ಕೊಂದು ಸಂಬಂಧವಿಲ್ಲದ, ಔಷಧಿಯ ಪರಿಣಾಮವೂ ಇಲ್ಲದ 20 ವಿಷಯಗಳನ್ನು ಒಂದೊಂದಾಗಿ ಪಿ-ವ್ಯಾಲ್ಯೂಗೆ (ಅದೇನು ಅಂತ ಮುಂದೆ ಬರುತ್ತದೆ) 0.05ರ ಗೆರೆ ಇಟ್ಟು ಪರೀಕ್ಷಿಸಿದರೆ, ಒಂದಾದರೂ ಆಕಸ್ಮಿಕವಾಗಿ ಗೆರೆ ದಾಟುವ ಸಾಧ್ಯತೆ ಸುಮಾರು 64%. ಆ ಒಂದನ್ನೇ ಹಿಡಿದು ಪೇಪರ್ ಬರೆದವರು ಕಡಿಮೆಯೇನಿಲ್ಲ.

ಇದೆಲ್ಲ ಚಿಕಿತ್ಸೆಯ ಪ್ರಶ್ನೆಗೆ. ಪ್ರಶ್ನೆ ಬದಲಾದರೆ ಬೇಕಾದ ಅಧ್ಯಯನವೂ ಬದಲಾಗುತ್ತದೆ. ಎಲ್ಲದಕ್ಕೂ ರ‍್ಯಾಂಡಮೈಸ್ಡ್ ಟ್ರಯಲ್ಲೇ ಬೇಕು ಅನ್ನುವುದು ಅಧ್ಯಯನಗಳನ್ನು ಮೇಲು ಕೀಳು ಅಂತ ಜೋಡಿಸಿದ ಪಿರಮಿಡ್ ಚಿತ್ರ ನೋಡಿ ಬಂದ ಭ್ರಮೆ. ಸಿಗರೇಟು ಸೇದಿಸಿ ಯಾರೂ ಪ್ರಯೋಗ ಮಾಡಲಾಗದು, ಅಲ್ವಾ? ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ 1950ರಲ್ಲಿ ಧೂಮಪಾನ ಮತ್ತು ಶ್ವಾಸಕೋಶ ಕ್ಯಾನ್ಸರಿನ ನಂಟನ್ನು ತೋರಿಸಿದ್ದು ಕೇಸ್-ಕಂಟ್ರೋಲ್ ಅಧ್ಯಯನದಿಂದ, ಅಂದರೆ ಕಾಯಿಲೆ ಇದ್ದವರನ್ನೂ ಇಲ್ಲದವರನ್ನೂ ಹಿಡಿದು ಅವರ ಹಿಂದಿನ ಅಭ್ಯಾಸವನ್ನು ಹೋಲಿಸಿ.

ಪೆನ್ನು ಹಿಡಿದು ಲೆಕ್ಕ ಹಾಕಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಇಲ್ಲಿ ನಾನು ಕೊಡುವ ಉದಾಹರಣೆ ‘ಕಾಸ್ಟ್’ ಅನ್ನುವ ಪ್ರಯೋಗ.

ಹಾರ್ಟ್ ಅಟ್ಯಾಕ್ ಆದವರಲ್ಲಿ ಹೃದಯ ಆಗಾಗ ಹೆಚ್ಚುವರಿ ಬಡಿತ ಬಡಿಯುತ್ತದೆ. ಅಂಥ ಬಡಿತ ಹೆಚ್ಚಿದ್ದವರು ಹಠಾತ್ತನೆ ಸಾಯುವುದೂ ಹೆಚ್ಚು ಅಂತ ಗೊತ್ತಿತ್ತು. ಹಾಗಾದರೆ ಬಡಿತವನ್ನು ಹತ್ತಿಕ್ಕಿದರೆ ಸಾವು ತಗ್ಗಬೇಕು. ತರ್ಕ ಸರಿಯಾಗಿಯೇ ಇದೆ. ಎನ್‌ಕೈನೈಡ್ ಮತ್ತು ಫ್ಲೆಕೈನೈಡ್ ಆ ಬಡಿತಗಳನ್ನು ಚೆನ್ನಾಗಿಯೇ ಹತ್ತಿಕ್ಕುತ್ತಿದ್ದವು, ವೈದ್ಯರು ಧಾರಾಳವಾಗಿ ಬರೆಯುತ್ತಿದ್ದರು. ಔಷಧಿಯಿಂದ ಬಡಿತ ತಗ್ಗಿದ್ದು ಇಸಿಜಿಯಲ್ಲಿ ಕಂಡವರನ್ನೇ ಆರಿಸಿ, ಅರ್ಧ ಜನರಿಗೆ ಔಷಧಿ, ಅರ್ಧ ಜನರಿಗೆ ಪ್ಲಸೀಬೊ ಕೊಟ್ಟರು. ಪೂರ್ತಿ ಫಲಿತಾಂಶ 1991ರಲ್ಲಿ ಪ್ರಕಟವಾಯಿತು. ಸರಾಸರಿ 10 ತಿಂಗಳ ನಂತರದ ಚಿತ್ರ ಇದು:

ಔಷಧಿ ಪಡೆದವರು 755, ಸತ್ತವರು 63.
ಪ್ಲಸೀಬೊ ಪಡೆದವರು 743, ಸತ್ತವರು 26.

ಈಗ ಮುಂದಿನ ಸಾಲುಗಳನ್ನು ಮುಚ್ಚಿಕೊಂಡು ನೀವೇ ಮಾಡಿ ನೋಡಿ. 63ನ್ನು 755ರಿಂದ ಭಾಗಿಸಿದರೆ 8.3%. 26ನ್ನು 743ರಿಂದ ಭಾಗಿಸಿದರೆ 3.5%. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಸುಮಾರು 2.4, ಅಂದರೆ ಔಷಧಿ ಪಡೆದವರಲ್ಲಿ ಸಾವಿನ ಅಪಾಯ ಎರಡು ಪಟ್ಟಿಗಿಂತ ಹೆಚ್ಚು. ಇದು ರಿಲೇಟಿವ್ ರಿಸ್ಕ್. ಒಂದರಿಂದ ಇನ್ನೊಂದನ್ನು ಕಳೆದರೆ 4.8%, ಇದು ನಿಜವಾದ ವ್ಯತ್ಯಾಸ. 100ನ್ನು 4.8ರಿಂದ ಭಾಗಿಸಿ, ಸುಮಾರು 21 ಬರುತ್ತದೆ. ಈ ಔಷಧಿ ಕೊಟ್ಟ ಪ್ರತಿ 21 ರೋಗಿಗಳಲ್ಲಿ ಒಬ್ಬರು ಹೆಚ್ಚುವರಿಯಾಗಿ ಸತ್ತರು, ಹತ್ತೇ ತಿಂಗಳಲ್ಲಿ. ಇಸಿಜಿ ಮಾತ್ರ ಚೆನ್ನಾಗಿತ್ತು.

ಇಸಿಜಿ, ರಕ್ತದ ರಿಪೋರ್ಟ್, ಸ್ಕ್ಯಾನ್ ಇವುಗಳಲ್ಲಿ ಸುಧಾರಣೆ ತೋರಿಸಿ ‘ಔಷಧಿ ಕೆಲಸ ಮಾಡುತ್ತದೆ’ ಅನ್ನುವ ಪೇಪರ್ ಕೈಗೆ ಬಂದಾಗಲೆಲ್ಲ ಕೇಳಬೇಕಾದ ಪ್ರಶ್ನೆ ಇಷ್ಟೇ: ರೋಗಿ ಬದುಕಿದರಾ, ಓಡಾಡಿಕೊಂಡಿದ್ದಾರಾ?

ಎರಡು ಸಂಖ್ಯೆಗಳನ್ನೂ, ಅಂದರೆ ಪಟ್ಟು ಮತ್ತು ವ್ಯತ್ಯಾಸ ಎರಡನ್ನೂ, ಯಾವಾಗಲೂ ಜೊತೆಯಲ್ಲೇ ನೋಡಿ. 100ಕ್ಕೆ 20 ಇದ್ದ ಸಾವು 10ಕ್ಕೆ ಇಳಿದರೂ ‘50% ಕಡಿಮೆ’, 1000ಕ್ಕೆ 2 ಇದ್ದದ್ದು 1ಕ್ಕೆ ಇಳಿದರೂ ‘50% ಕಡಿಮೆ’. ಮೊದಲನೆಯದರಲ್ಲಿ ಒಬ್ಬರನ್ನು ಉಳಿಸಲು 10 ಜನರಿಗೆ ಔಷಧಿ ಕೊಟ್ಟರೆ ಸಾಕು, ಎರಡನೆಯದರಲ್ಲಿ 1000 ಜನರಿಗೆ ಕೊಡಬೇಕು. ಔಷಧಿ ಕಂಪನಿಯ ಹೊಳೆಯುವ ಕರಪತ್ರದಲ್ಲಿ ಯಾವುದನ್ನು ದಪ್ಪಕ್ಷರದಲ್ಲಿ ಹಾಕಿರುತ್ತಾರೆ ಅಂತ ಬೇರೆ ಹೇಳಬೇಕಾ?

ಪಿ-ವ್ಯಾಲ್ಯೂ ಬಗ್ಗೆ ಎರಡೇ ಮಾತು. 0.04 ಬಂದರೆ ‘ಇದು ನಿಜವಾಗಿರುವ ಸಾಧ್ಯತೆ 96%’ ಅಂತ ಅರ್ಥವಲ್ಲ. ಔಷಧಿಗೆ ಪರಿಣಾಮವೇ ಇಲ್ಲ ಅಂತ ಇಟ್ಟುಕೊಂಡರೆ, ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಬರೀ ಆಕಸ್ಮಿಕವಾಗಿ ಕಾಣುವ ಸಾಧ್ಯತೆ 4% ಅಂತ ಅರ್ಥ. ಅದಕ್ಕಿಂತ ಕಾನ್ಫಿಡೆನ್ಸ್ ಇಂಟರ್ವಲ್, ಅಂದರೆ ನಿಜವಾದ ಪರಿಣಾಮ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಅನ್ನುವ ಅಂದಾಜು, ನೋಡುವುದು ಉಪಯುಕ್ತ. ಅದರ ಒಂದು ತುದಿಯಲ್ಲಿ ದೊಡ್ಡ ಲಾಭ, ಇನ್ನೊಂದು ತುದಿಯಲ್ಲಿ ಏನೂ ಇಲ್ಲ ಅಂತಿದ್ದರೆ, ಆ ಅಧ್ಯಯನಕ್ಕೆ ಇನ್ನೂ ಉತ್ತರ ಗೊತ್ತಾಗಿಲ್ಲ ಅಂತಲೇ ತಿಳಿಯಿರಿ.

ಟೆಸ್ಟ್‌ಗಳ ಪೇಪರಿಗೂ ಇದೇ ಅಭ್ಯಾಸ. 1000 ಜನರಲ್ಲಿ 10 ಜನರಿಗೆ ಕಾಯಿಲೆ ಇದೆ ಅಂದುಕೊಳ್ಳಿ. ಟೆಸ್ಟಿನ ಸೆನ್ಸಿಟಿವಿಟಿ, ಸ್ಪೆಸಿಫಿಸಿಟಿ ಎರಡೂ 90%. ಕಾಯಿಲೆ ಇರುವ 10ರಲ್ಲಿ 9 ಪಾಸಿಟಿವ್. ಇಲ್ಲದ 990ರಲ್ಲಿ 99 ಪಾಸಿಟಿವ್. ಒಟ್ಟು 108 ಪಾಸಿಟಿವ್‌ಗಳಲ್ಲಿ ನಿಜವಾದ ರೋಗಿಗಳು 9, ಅಂದರೆ ನೂರಕ್ಕೆ ಎಂಟು ಚಿಲ್ಲರೆ. ‘90% ನಿಖರ’ ಅನ್ನುವ ಟೆಸ್ಟಿನ ಕಥೆ ಇದು.

ಸಿಕ್ಕ ಉತ್ತರ ನಿಮ್ಮ ರೋಗಿಗೆ ಹೊಂದುತ್ತದಾ

2020ರಲ್ಲಿ ಕೋವಿಡ್‌ಗೆ ಡೆಕ್ಸಾಮೆಥಸೋನ್ ಕೆಲಸ ಮಾಡುತ್ತದೆ ಅಂತ ಬ್ರಿಟನ್ನಿನ ರಿಕವರಿ ಪ್ರಯೋಗ ತೋರಿಸಿತು. ಸುದ್ದಿ ಒಂದೇ ಸಾಲಿನಲ್ಲಿ ಹರಡಿತು. ಪೇಪರಿನ ಒಳಗೆ ಮೂರು ಬೇರೆ ಬೇರೆ ಉತ್ತರಗಳಿದ್ದವು. ವೆಂಟಿಲೇಟರ್ ಮೇಲಿದ್ದವರಲ್ಲಿ 28 ದಿನಗಳ ಸಾವು 41.4%ರಿಂದ 29.3%ಕ್ಕೆ ಇಳಿಯಿತು. ಬರೀ ಆಕ್ಸಿಜನ್ ಪಡೆಯುತ್ತಿದ್ದವರಲ್ಲಿ 26.2%ರಿಂದ 23.3%ಕ್ಕೆ. ಆಕ್ಸಿಜನ್ನೇ ಬೇಡವಾಗಿದ್ದವರಲ್ಲಿ ಮಾತ್ರ ಸಾವು ಔಷಧಿ ಇಲ್ಲದೆ 14.0%, ಔಷಧಿ ಕೊಟ್ಟಾಗ 17.8%. ಈ ಮೂರನೆಯ ವ್ಯತ್ಯಾಸ ಆಕಸ್ಮಿಕವೂ ಇರಬಹುದು. ಆದರೆ ಲಾಭದ ಸುಳಿವಂತೂ ಇಲ್ಲ. ಸಣ್ಣ ಜ್ವರ ಇದ್ದು ಮನೆಯಲ್ಲಿದ್ದವರೂ ಸ್ಟೆರಾಯ್ಡ್ ನುಂಗಿದ್ದು ಯಾವ ಸಾಲನ್ನು ಓದಿ?

ಹಾಗಾಗಿ ಪೇಪರ್ ಚೆನ್ನಾಗಿದೆ ಅಂತ ತೀರ್ಮಾನವಾದ ಮೇಲೂ ಕೇಳಿಕೊಳ್ಳಿ. ನನ್ನ ರೋಗಿ ಆ ಪ್ರಯೋಗದೊಳಗೆ ಬರುತ್ತಿದ್ದರಾ? ವಯಸ್ಸು, ಕಿಡ್ನಿ, ಬಸಿರು, ಬೇರೆ ಔಷಧಿಗಳು? ಈ ಚಿಕಿತ್ಸೆ ಇಲ್ಲಿ ಸಿಗುತ್ತದಾ? ಅವರಿಗೆ ಇದು ಬೇಕಾ? ವಿದ್ಯಾರ್ಥಿಯಾಗಿ ನೀವು ಔಷಧಿ ಬದಲಿಸುವಂತಿಲ್ಲ. ಆದರೆ ಒಂದೇ ಪುಟದಲ್ಲಿ ಪ್ರಶ್ನೆ, ಸಿಕ್ಕ ಪೇಪರ್, ನೀವು ಹಾಕಿದ ಲೆಕ್ಕ, ಈ ರೋಗಿಗೆ ಏನು ಅನ್ನುವುದನ್ನು ಬರೆದು ಯೂನಿಟ್‌ನಲ್ಲಿ ಐದು ನಿಮಿಷ ಹೇಳಬಹುದು. ತಿಂಗಳಿಗೆ ಎರಡು ಇಂಥ ಪುಟ ಬರೆಯಿರಿ. ಮುಂದೆ ಗೈಡ್ ಹುಡುಕುವಾಗ ಸಿವಿಗಿಂತ ಇವೇ ಜಾಸ್ತಿ ಮಾತಾಡುತ್ತವೆ.

ನಿಮ್ಮದೇ ಮೊದಲ ಕೆಲಸ

ನನ್ನನ್ನು ಕೇಳಿದರೆ ಮೊದಲ ಕೆಲಸವಾಗಿ ಕ್ಲಿನಿಕಲ್ ಆಡಿಟ್ ಆರಿಸಿಕೊಳ್ಳಿ. ವಾರ್ಡಿನಲ್ಲಿ ಇರಬೇಕಾದ ಒಂದು ಮಟ್ಟ ಇದೆ, ಅದು ನಿಜವಾಗಿ ಇದೆಯಾ ಅಂತ ಅಳೆಯುವುದು. ಉದಾಹರಣೆಗೆ, ಪ್ರತಿ ಕೇಸ್ ಶೀಟಿನಲ್ಲೂ ಔಷಧಿ ಅಲರ್ಜಿ ಬರೆದಿರಬೇಕು. ಐವತ್ತು ಕೇಸ್ ಶೀಟ್ ತೆಗೆದು ಎಣಿಸಿ. ಕಡಿಮೆ ಇದ್ದರೆ ಯಾಕೆ ಅಂತ ನರ್ಸ್‌ಗಳನ್ನೂ ಜೂನಿಯರ್ ಡಾಕ್ಟರ್‌ಗಳನ್ನೂ ಕೇಳಿ. ಒಂದು ಬದಲಾವಣೆ ಮಾಡಿಸಿ, ಕೆಲವು ವಾರ ಬಿಟ್ಟು ಮತ್ತೆ ಐವತ್ತು ಎಣಿಸಿ. ಎರಡನೇ ಎಣಿಕೆ ಮಾಡದಿದ್ದರೆ ಅದು ಆಡಿಟ್ ಅಲ್ಲ, ಬರೀ ದೂರು.

ಕೇಸ್ ರಿಪೋರ್ಟ್ ಕೂಡ ಒಳ್ಳೆಯದೇ, ರೋಗಿಯ ಲಿಖಿತ ಒಪ್ಪಿಗೆ ಇದ್ದರೆ. ಪ್ರಶ್ನಾವಳಿ ಸರ್ವೆ ಸುಲಭ ಅನ್ನಿಸುತ್ತದೆ, ಆದರೆ ಯಾರು ಉತ್ತರಿಸಲಿಲ್ಲ ಅನ್ನುವುದು ಗೊತ್ತಿಲ್ಲದಿದ್ದರೆ ಬಂದ ಉತ್ತರಕ್ಕೆ ಬೆಲೆ ಕಡಿಮೆ. ‘ಮನೆಯಲ್ಲೇ ಕೂತು ಮಾಡಬಹುದು’ ಅಂತ ಸಿಸ್ಟಮ್ಯಾಟಿಕ್ ರಿವ್ಯೂಗೆ ಕೈ ಹಾಕುವವರೂ ಇದ್ದಾರೆ. ಅದಕ್ಕೆ ಕನಿಷ್ಠ ಇಬ್ಬರು ಬೇರೆ ಬೇರೆಯಾಗಿ ಕೂತು ಸಾವಿರಾರು ಶೀರ್ಷಿಕೆ ಜಾಲಾಡಬೇಕು, ಪ್ರಾಸ್ಪೆರೊ ಅನ್ನುವ ನೋಂದಣಿ ತಾಣದಲ್ಲಿ ಮೊದಲೇ ನೋಂದಾಯಿಸಬೇಕು. ಅನುಭವಿಗಳ ತಂಡದಲ್ಲಿ ಒಬ್ಬರಾಗಿ ಸೇರುವುದಾದರೆ ಸರಿ.

ಗೈಡ್ ಹತ್ತಿರ ಹೋಗುವಾಗ ‘ಟಾಪಿಕ್ ಕೊಡಿ’ ಅನ್ನಬೇಡಿ. ‘ಸರ್, ಇದು ನನ್ನ ಪ್ರಶ್ನೆ, ಇಷ್ಟು ಪೇಪರ್ ಓದಿದ್ದೇನೆ, ವಾರಕ್ಕೆ ಇಷ್ಟು ಗಂಟೆ ಕೊಡಬಲ್ಲೆ’ ಅನ್ನಿ. ಹೆಸರು ದೊಡ್ಡದಿದ್ದು ಸಿಗದೇ ಇರುವವರಿಗಿಂತ, ಮೆಸೇಜಿಗೆ ಉತ್ತರ ಕೊಡುವ ಅಸಿಸ್ಟೆಂಟ್ ಪ್ರೊಫೆಸರ್ ಮೇಲು.

ಪ್ರೋಟೋಕಾಲ್ ಬರೆಯುವಾಗ ಎಲ್ಲರೂ ಸಿಕ್ಕಿಬೀಳುವುದು ಸ್ಯಾಂಪಲ್ ಸೈಜ್‌ನಲ್ಲಿ. ಒಂದು ಸಮಸ್ಯೆ ಎಷ್ಟು ಜನರಲ್ಲಿದೆ ಅಂತ ಅಳೆಯುವುದಾದರೆ ಲೆಕ್ಕ ಸುಲಭ. ಏನೂ ಅಂದಾಜಿಲ್ಲದಾಗ 50% ಅಂತ ಹಿಡಿಯುತ್ತೇವೆ, ಆಚೀಚೆ 5% ತಪ್ಪನ್ನು ಒಪ್ಪುತ್ತೇವೆ, 95% ಭರವಸೆಗೆ 1.96 ಅನ್ನುವ ಅಂಕಿ ಬಳಸುತ್ತೇವೆ. 1.96 × 1.96 × 0.5 × 0.5 ÷ (0.05 × 0.05) = 384. ಹತ್ತರಲ್ಲಿ ಒಬ್ಬರು ಉತ್ತರಿಸದೆ ಹೋಗಬಹುದು ಅಂದರೆ 384ನ್ನು 0.9ರಿಂದ ಭಾಗಿಸಿ 427. ಅಷ್ಟು ಜನ ಸಿಗುವುದಿಲ್ಲ ಅಂದರೆ ತಪ್ಪಿನ ಮಿತಿಯನ್ನು 10%ಕ್ಕೆ ಏರಿಸಿ, 96 ಸಾಕು, ಆದರೆ ಉತ್ತರವೂ ಅಷ್ಟೇ ಮಬ್ಬು. ಎರಡು ಗುಂಪುಗಳ ಹೋಲಿಕೆಗೆ ಸೂತ್ರ ಬೇರೆ. ಅದಕ್ಕೆ ಸ್ಟ್ಯಾಟಿಸ್ಟಿಷಿಯನ್ ಹತ್ತಿರ ಹೋಗಿ, ಡೇಟಾ ತೆಗೆಯುವ ಮೊದಲೇ ಹೋಗಿ.

ಎಥಿಕ್ಸ್ ಕಮಿಟಿಯ ಒಪ್ಪಿಗೆ ಕೈಗೆ ಬರುವವರೆಗೆ ಒಂದು ಅಂಕಿಯನ್ನೂ ತೆಗೆಯಬೇಡಿ. ಹಳೆಯ ಕೇಸ್ ಶೀಟ್ ನೋಡುವುದಾದರೂ, ಆಡಿಟ್ ಆದರೂ, ಅನುಮತಿ ಬೇಕಾ ಅಂತ ಮೊದಲು ಕೇಳಿ. ಇದು ಸುಮ್ನೆ ಕಾಗದದ ಕಾಟ ಅನ್ನುವವರು ಅಮೆರಿಕದ ಟಸ್ಕೀಗಿ ಅಧ್ಯಯನ ಓದಬೇಕು. ಸಿಫಿಲಿಸ್ ಇದ್ದ ಕಪ್ಪು ಜನರನ್ನು 1932ರಿಂದ 1972ರವರೆಗೆ ಬರೀ ಗಮನಿಸುತ್ತಾ ಕೂತರು. ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ರೋಗಿಗಳ ಮೇಲಿನ ಸಂಶೋಧನೆಗೆ ನೀತಿ ಹಾಕಿಕೊಟ್ಟ ಹೆಲ್ಸಿಂಕಿ ಘೋಷಣೆ 1964ರಲ್ಲೇ ಬಂದಿತ್ತು, ಆದರೂ ನಿಲ್ಲಿಸಲಿಲ್ಲ. ಒಪ್ಪಿಗೆ ಪತ್ರ ರೋಗಿಗೆ ಅರ್ಥವಾಗುವ ಭಾಷೆಯಲ್ಲಿರಲಿ. ಬಿಳಿ ಕೋಟು ಹಾಕಿದವರು ಕೇಳಿದಾಗ ರೋಗಿಗೆ ‘ಬೇಡ’ ಅನ್ನುವುದು ಕಷ್ಟ. ‘ಬೇಡ ಅಂದ್ರೂ ನಿಮ್ಮ ಚಿಕಿತ್ಸೆಗೆ ಏನೂ ತೊಂದರೆ ಇಲ್ಲ’ ಅಂತ ಬಾಯಿಬಿಟ್ಟು ಹೇಳಿ.

ಡೇಟಾ ಶೀಟಿಗೆ ಕೆಲವೇ ನಿಯಮ. ಒಂದು ಸಾಲಿಗೆ ಒಬ್ಬ ರೋಗಿ, ಒಂದು ಕಾಲಮ್ಮಿಗೆ ಒಂದೇ ವಿಷಯ. ಬಿಪಿ ‘140/90’ ಅಂತ ಒಂದೇ ಕೋಶದಲ್ಲಿ ಬರೆದರೆ ಆಮೇಲೆ ಬಿಡಿಸಬೇಕಾಗುತ್ತದೆ, ಮೊದಲೇ ಎರಡು ಕಾಲಮ್ ಮಾಡಿ. ಮಾಹಿತಿ ಇಲ್ಲದ ಕಡೆ 99 ಹಾಕಬೇಡಿ, ವಯಸ್ಸಿನ ಸರಾಸರಿಯೊಳಗೆ ಅದು ನುಗ್ಗುತ್ತದೆ. ಖಾಲಿ ಬಿಡಿ. ಕೋಶಗಳನ್ನು ಮರ್ಜ್ ಮಾಡಬೇಡಿ, ಬಣ್ಣದಲ್ಲಿ ಅರ್ಥ ಅಡಗಿಸಬೇಡಿ. ರೋಗಿಯ ಹೆಸರಿನ ಬದಲು ಕೋಡ್ ಇರಲಿ, ಕೋಡಿನ ಪಟ್ಟಿ ಬೇರೆ ಕಡೆ ಬೀಗದೊಳಗಿರಲಿ. ಮೂಲ ಫೈಲನ್ನು ಮುಟ್ಟದೆ ಪ್ರತಿಯಲ್ಲಿ ಕೆಲಸ ಮಾಡಿ. ವಿಶ್ಲೇಷಣೆಗೆ ಜಮೋವಿ, ಆರ್ (R) ಎರಡೂ ಉಚಿತ, ಕದ್ದ ಸಾಫ್ಟ್‌ವೇರ್ ಬೇಕಿಲ್ಲ.

ಬರೆದು ಕಳಿಸುವುದು

ಮೆಥಡ್ಸ್ ಮೊದಲು ಬರೆಯಿರಿ, ಆಮೇಲೆ ಟೇಬಲ್‌ಗಳು, ಕೊನೆಗೆ ಇಂಟ್ರೊಡಕ್ಷನ್. ಪ್ರತಿ ಬಗೆಯ ಅಧ್ಯಯನಕ್ಕೂ ಏನೇನು ಇರಲೇಬೇಕು ಅನ್ನುವ ಪಟ್ಟಿಗಳಿವೆ. ಪ್ರಯೋಗಕ್ಕೆ ಕನ್ಸಾರ್ಟ್, ಸರ್ವೆ ಮತ್ತು ಒಂದು ಗುಂಪನ್ನು ಕಾಲದುದ್ದಕ್ಕೂ ಹಿಂಬಾಲಿಸುವ ಕೋಹಾರ್ಟ್‌ಗೆ ಸ್ಟ್ರೋಬ್, ಕೇಸ್ ರಿಪೋರ್ಟ್‌ಗೆ ಕೇರ್, ಸಿಸ್ಟಮ್ಯಾಟಿಕ್ ರಿವ್ಯೂಗೆ ಪ್ರಿಸ್ಮಾ. ಎಲ್ಲವೂ ಈಕ್ವೇಟರ್ ನೆಟ್‌ವರ್ಕ್ ತಾಣದಲ್ಲಿ ಸಿಗುತ್ತವೆ.

ಲೇಖಕರು ಯಾರು, ಯಾವ ಕ್ರಮದಲ್ಲಿ ಅನ್ನುವುದನ್ನು ಕೆಲಸ ಶುರುವಾಗುವ ಮೊದಲೇ ಬರೆದಿಟ್ಟುಕೊಳ್ಳಿ. ಅಂತರರಾಷ್ಟ್ರೀಯ ವೈದ್ಯಕೀಯ ಪತ್ರಿಕಾ ಸಂಪಾದಕರ ಸಮಿತಿಯ ಪ್ರಕಾರ ಲೇಖಕರಾಗಲು ನಾಲ್ಕೂ ಷರತ್ತು ಪೂರೈಸಬೇಕು: ಯೋಜನೆ ಅಥವಾ ಡೇಟಾದಲ್ಲಿ ಗಣನೀಯ ಪಾಲು, ಬರವಣಿಗೆ ಅಥವಾ ತಿದ್ದುವಿಕೆ, ಕೊನೆಯ ಪ್ರತಿಗೆ ಒಪ್ಪಿಗೆ, ಪೂರ್ತಿ ಕೆಲಸದ ಹೊಣೆ. ಮುಖ್ಯಸ್ಥರು ಅನ್ನುವ ಕಾರಣಕ್ಕೆ ಹೆಸರು ಸೇರಿಸುವುದು ಈ ಪಟ್ಟಿಯಲ್ಲಿಲ್ಲ. ಚಾಟ್‌ಜಿಪಿಟಿಯಂಥ ಸಾಧನಗಳಿಗೂ ಲೇಖಕರ ಪಟ್ಟಿಯಲ್ಲಿ ಜಾಗವಿಲ್ಲ, ಹೊಣೆ ಹೊರಲು ಅವುಗಳಿಂದಾಗದು. ಬಳಸಿದ್ದರೆ ಹೇಳಬೇಕು. ಅವು ಇಲ್ಲದ ಪೇಪರ್‌ಗಳನ್ನು ಇದ್ದಂತೆ ಹೆಸರು-ವರ್ಷ ಸಮೇತ ಕೊಡುವುದೂ ಉಂಟು. ನೀವು ತೆರೆದು ಓದದ ಯಾವುದನ್ನೂ ಉಲ್ಲೇಖಿಸಬೇಡಿ. ಹಿಂತೆಗೆದುಕೊಂಡ ಪೇಪರ್ ಇರಬಹುದು, ಅದನ್ನೂ ನೋಡಿ. ಲಸಿಕೆಯನ್ನು ಆಟಿಸಂಗೆ ತಳುಕು ಹಾಕಿದ, ಬರೀ 12 ಮಕ್ಕಳ 1998ರ ಲ್ಯಾನ್ಸೆಟ್ ಪೇಪರನ್ನು ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿತು. ಝೊಟೆರೊದಲ್ಲಿ ಇಂಥ ಪೇಪರ್ ಇದ್ದರೆ ಅದೇ ಎಚ್ಚರಿಸುತ್ತದೆ.

‘ಗೌರವಾನ್ವಿತ ಡಾಕ್ಟರ್ ಅವರೇ, ನಿಮ್ಮ ಅಮೂಲ್ಯ ಲೇಖನಕ್ಕಾಗಿ ಕಾಯುತ್ತಿದ್ದೇವೆ’ ಅಂತ ಬರುವ ಮೇಲ್‌ಗಳನ್ನು ಅಳಿಸಿಹಾಕಿ. ನಾಲ್ಕೇ ದಿನದಲ್ಲಿ ಒಪ್ಪಿಕೊಳ್ಳುವ, ಒಪ್ಪಿದ ಮೇಲೆ ಫೀಸು ಹೇಳುವ ಪತ್ರಿಕೆ ನಿಮ್ಮ ಪೇಪರನ್ನು ಓದಿರುವುದಿಲ್ಲ. ಓಪನ್ ಆಕ್ಸೆಸ್ (ಯಾರು ಬೇಕಾದರೂ ಉಚಿತವಾಗಿ ಓದಬಹುದಾದ) ಪತ್ರಿಕೆಯಾದರೆ, ಅಂಥವುಗಳ ಡಿಒಎಜೆ ಪಟ್ಟಿಯಲ್ಲಿದೆಯಾ ನೋಡಿ, ಅದರ ನಾಲ್ಕು ಹಳೆಯ ಪೇಪರ್ ಓದಿ.

ಫಲಿತಾಂಶ ‘ಏನೂ ವ್ಯತ್ಯಾಸವಿಲ್ಲ’ ಅಂತ ಬಂದರೂ ಕಳಿಸಿ. ಕಾಸ್ಟ್‌ಗಿಂತ ಎಷ್ಟೋ ಮೊದಲು, 1980ರಲ್ಲಿ, ಅದೇ ಬಗೆಯ ಲೋರ್‌ಕೈನೈಡ್ ಅನ್ನುವ ಔಷಧಿಯನ್ನು 100ಕ್ಕಿಂತ ಕಡಿಮೆ ರೋಗಿಗಳಲ್ಲಿ ಪರೀಕ್ಷಿಸಿದ್ದರು. ಸತ್ತ 10 ಜನರಲ್ಲಿ 9 ಮಂದಿ ಔಷಧಿ ಪಡೆದವರು. ಆಕಸ್ಮಿಕ ಅಂದುಕೊಂಡರು. ಬೇರೆ ವ್ಯಾಪಾರದ ಕಾರಣಗಳಿಗೆ ಔಷಧಿಯನ್ನು ಅಲ್ಲಿಗೇ ಬಿಟ್ಟರು, ಪೇಪರೂ ಪ್ರಕಟವಾಗಲಿಲ್ಲ. ಅದು ಬೆಳಕಿಗೆ ಬಂದದ್ದು 1993ರಲ್ಲಿ. ಆಗಲೇ ಬಂದಿದ್ದರೆ ಒಂದು ಎಚ್ಚರಿಕೆಯಾದರೂ ಆಗುತ್ತಿತ್ತು ಅಂತ ಆ ಸಂಶೋಧಕರೇ ಒಪ್ಪಿಕೊಂಡರು.

ಒಂದು ಸಲಕ್ಕೆ ಒಂದೇ ಪತ್ರಿಕೆಗೆ ಕಳಿಸಬೇಕು. ರಿವ್ಯೂಯರ್‌ಗಳ ಪತ್ರ ಬಂದಾಗ ಅದೇ ದಿನ ಉತ್ತರ ಬರೆಯಬೇಡಿ, ಕೋಪ ಇಳಿಯಲಿ. ಆಮೇಲೆ ಅವರ ಪ್ರತಿ ಮಾತನ್ನೂ ನಕಲು ಮಾಡಿ, ಅದರ ಕೆಳಗೆ ನೀವು ಏನು ಬದಲಿಸಿದಿರಿ, ಯಾವ ಪುಟ, ಯಾವ ಸಾಲು ಅಂತ ಬರೆಯಿರಿ. ಒಪ್ಪದಿದ್ದರೆ ಯಾಕೆ ಅಂತ ಮರ್ಯಾದೆಯಿಂದ, ಲೆಕ್ಕ ಸಮೇತ ಬರೆಯಿರಿ. ಪತ್ರಿಕೆ ಬೇಡ ಅಂದರೆ ಅವರು ತೋರಿಸಿದ ಕುಂದುಗಳನ್ನು ಸರಿಪಡಿಸಿಯೇ ಮುಂದಿನ ಪತ್ರಿಕೆಗೆ ಕಳಿಸಿ, ಅದೇ ರಿವ್ಯೂಯರ್ ಅಲ್ಲೂ ಸಿಗಬಹುದು.